ಕೆಡವುವುದಕ್ಕೆಂದು ಕಟ್ಟಿದ ಮನೆ

ನನ್ನ ಗಂಡ ಶಾಲೆಯಲ್ಲಿ ಚರಿತ್ರೆ ಪಾಠ ಹೇಳುವ ಮೇಷ್ಟ್ರು. ಮಕ್ಕಳ ಬಾಯಲ್ಲಿ ಮಾತ್ರ ಅವರು ಗಂಟೆ ಮೇಷ್ಟ್ರು. ಚರ್ಚಾಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವುದೆಂದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ. ಮಾತಿನ ಸಮಯ ಮುಗಿದಾಗ ಬಾರಿಸಲು ಒಂದು ಪುಟ್ಟ ಹಿತ್ತಾಳೆ ಗಂಟೆ ಸದಾ ಅವರ ಜೇಬಿನಲ್ಲಿರುತ್ತದೆ. ಒಗೆಯಲು ಹಾಕಿದ ಪ್ಯಾಂಟನ್ನು ಕೊಡವಿದಾಗಲೆಲ್ಲ ಅದು ಟಿಣ್ ಎನ್ನುತ್ತದೆ. ನನ್ನ ಸಮಯವೇ ಮುಗಿಯಿತೇನೋ ಅಂದುಕೊಳ್ಳುತ್ತೇನೆ. ಮುಗಿದಿರುವುದಿಲ್ಲ, ಇನ್ನೂ ಅರ್ಧ ಬಕೆಟ್ ಬಟ್ಟೆ ಉಳಿದಿರುತ್ತದೆ.

ರಜೆಯ ದಿನಗಳಲ್ಲಿ ಮಕ್ಕಳು ನಮ್ಮ ಮನೆಗೇ ಬರುತ್ತಾರೆ. ಮೂರನೇ ಮಹಡಿಯ ಮನೆ. ಒಂದು ಹಾಲು, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ತಿರುಗಲಾಗದ ಅಡುಗೆಮನೆ. ಹಾಲಿನ ಕಿಟಕಿಯ ಪಕ್ಕ ನನ್ನ ಹೊಲಿಗೆ ಮೆಷಿನ್ನು. ನಾನು ಪರದೆ ಹೊಲಿದುಕೊಡುತ್ತೇನೆ. ನೆರಿಗೆ ಹಿಡಿದು, ಅಂಚು ಮಡಿಸಿ, ರಿಂಗು ಕೂರಿಸಿ ಮುಗಿಸುವಷ್ಟರಲ್ಲಿ ಇಡೀ ಹಾಲಿನ ತುಂಬ ಯಾರದೋ ಮನೆಯ ಪರದೆ ಹರಡಿರುತ್ತದೆ. ಮಕ್ಕಳು ಅದನ್ನು ದಾಟಿಕೊಂಡು ಬಂದು ನಿಂತು, ಮನುಷ್ಯಕುಲದ ಭವಿಷ್ಯದ ಬಗ್ಗೆ ಮಾತಾಡುತ್ತಾರೆ.

ಈ ವರ್ಷದ ವಿಷಯ 'ಸಮಾಜ ನೈತಿಕವಾಗಿ ಮುಂದೆ ಸಾಗಿದೆಯೇ?' ಎಂಬುದು. ಯಾರು ಪರ, ಯಾರು ವಿರೋಧ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಹೋದ ವಾರ ಸಾಗಿದೆ ಎಂದು ಮೇಜು ಗುದ್ದಿದ ಹುಡುಗಿ ಈ ವಾರ ಎಲ್ಲಿ ಸಾಗಿದೆ ತೋರಿಸಿ ಎಂದು ಅದೇ ಮೇಜು ಗುದ್ದುತ್ತಾಳೆ. ಕೇಳಿ ಕೇಳಿ ನನಗೆ ಎರಡೂ ಕಡೆಯದು ಬಾಯಿಪಾಠವಾಗಿದೆ.

ನಮ್ಮವರು ಮಕ್ಕಳಿಗೆ ಹೇಳಿಕೊಡುವ ದೊಡ್ಡ ಗುಟ್ಟು ಒಂದಿದೆ. "ಎದುರಾಳಿಯ ವಾದ ಮುರಿಯೋಕೆ ಆತುರ ಪಡಬೇಡಿ. ಮೊದಲು ಅದನ್ನ ಎದುರಾಳಿಗಿಂತ ಚೆನ್ನಾಗಿ ನೀವೇ ಹೇಳಿ. ಅವನ ಮನೇನ ನೀವೇ ಕಟ್ಟಿಕೊಡಿ. ಗೋಡೆ, ಛಾವಣಿ, ಕಿಟಕಿ, ಏನೂ ಬಿಡಬೇಡಿ. ಕಟ್ಟಿದ ಮೇಲೆ ಒಂದು ಗುಟುಕು ನೀರು ಕುಡೀರಿ. ಕೇಳೋರು ಒಳಗೆ ಹೋಗಿ ಆರಾಮಾಗಿ ಕೂತ್ಕೊಳ್ಳಲಿ. ಆಮೇಲೆ ಅಡಿಪಾಯಕ್ಕೆ ಕೈ ಹಾಕಿ." ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಇದೇ ಉಪಾಯದಿಂದ ಗೆದ್ದ ಕಪ್ಪುಗಳು ಶಾಲೆಯ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ.

ಒಳಕೋಣೆಯಲ್ಲಿ ನಮ್ಮ ಅತ್ತೆ ಮಲಗಿದ್ದಾರೆ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿ ವರ್ಷಗಳಾದವು. ಮಾತು ತೊದಲಾದರೂ ಬುದ್ಧಿ, ಕಿವಿ ಎರಡೂ ಚುರುಕು. ಹಗಲು ಅವರ ಕೆಲಸ ನನ್ನದು. ಬೆಳಗ್ಗೆ, ಸಂಜೆ, ರಾತ್ರಿಯದೆಲ್ಲ ನಾದಿನಿಯದು. ನಾದಿನಿ ಅಂದರೆ ನಮ್ಮವರ ತಂಗಿ. ನಲವತ್ತು ದಾಟಿ, ಕಿವಿಯ ಪಕ್ಕ ಕೂದಲು ಬೆಳ್ಳಗಾದರೂ ಮನೆಯವರಿಗೆಲ್ಲ ಅವಳು ಪುಟ್ಟಿಯೇ. ಹಲ್ಲುಸೆಟ್ ಮಾಡುವ ಲ್ಯಾಬಿನಲ್ಲಿ ಕೆಲಸ. ಅಚ್ಚಿನ ಮೇಲೆ ಮೇಣ ಇಟ್ಟು ಒಂದೊಂದೇ ಹಲ್ಲು ಕೂರಿಸುತ್ತಾಳೆ. ಉಗುರಿನ ಸಂದಿಯಲ್ಲಿ ಯಾವಾಗಲೂ ಪ್ಲಾಸ್ಟರಿನ ಬಿಳಿ. "ಊರಿನವರನ್ನೆಲ್ಲ ನಗಿಸೋಳು ನಾನು, ನನಗೇ ನಗು ಬರಲ್ಲ ನೋಡಿ ಅತ್ತಿಗೆ" ಎಂದು ಒಮ್ಮೊಮ್ಮೆ ತಮಾಷೆ ಮಾಡುತ್ತಾಳೆ.

ಇಂಥ ಪುಟ್ಟಿ ಒಂದು ಸಂಜೆ, ಅತ್ತೆಗೆ ಗಂಜಿ ಕುಡಿಸಿ ಬಂದು, ಬಟ್ಟಲು ತೊಳೆಯುತ್ತ ಹೇಳಿದಳು. ಲ್ಯಾಬಿನ ಹತ್ತಿರ, ಸೈಕಲ್ ಅಂಗಡಿಯ ಮೇಲೆ ಒಂದು ರೂಮು ಖಾಲಿ ಇದೆ, ಅದನ್ನು ಬಾಡಿಗೆಗೆ ಹಿಡಿದಿದ್ದೇನೆ, ಬೀಗದಕೈಯೂ ಸಿಕ್ಕಿದೆ ಎಂದು.

"ಯಾಕೇ?" ಅಂದೆ.

"ಏನೂ ಇಲ್ಲ ಅತ್ತಿಗೆ. ಒಬ್ಬಳೇ ಇರಬೇಕು ಅನ್ನಿಸ್ತಿದೆ."

"ಯಾರಾದ್ರೂ…"

"ಯಾರೂ ಇಲ್ಲ. ಎಚ್ಚರ ಆದಾಗ ಏಳಬೇಕು. ಹಸಿವಾದಾಗ ತಿನ್ನಬೇಕು. ಯಾರೂ ಕೂಗಬಾರದು. ಅಷ್ಟೇ."

ಅವಳು ಹೋದರೆ ರಾತ್ರಿ ಎದ್ದು ಅತ್ತೆಯ ಮಗ್ಗುಲು ಬದಲಾಯಿಸುವವರು ಯಾರು ಎಂಬ ಲೆಕ್ಕ ತಲೆಯಲ್ಲಿ ತಾನಾಗಿಯೇ ನಡೆಯತೊಡಗಿತ್ತು. ಅವಳ ಮುಖದ ತುಂಬ ಆಸೆ ಇತ್ತು. ಅಷ್ಟು ಆಸೆ ನಾನು ಅವಳ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ದೊಡ್ಡಣ್ಣನನ್ನು ಒಪ್ಪಿಸುವುದು ಬಾಕಿ ಇತ್ತು. ದೊಡ್ಡಣ್ಣ ಅಂದರೆ ನಮ್ಮವರ ಅಣ್ಣ, ನನ್ನ ಭಾವ; ಟೈರ್ ಅಂಗಡಿ ಇಟ್ಟುಕೊಂಡು ಬೇರೆ ಇದ್ದಾರೆ. ಅಮ್ಮನನ್ನು ನೋಡಲು ಆಗೊಮ್ಮೆ ಈಗೊಮ್ಮೆ ಹಣ್ಣು ಹಿಡಿದುಕೊಂಡು ಬರುತ್ತಾರೆ. ಆದರೆ ಮನೆಯ ತೀರ್ಮಾನಗಳಿಗೆಲ್ಲ ಅವರ ಮೊಹರು ಬೀಳಬೇಕು. ಪುಟ್ಟಿ ಹೋಗಿ ನಮ್ಮವರ ಮುಂದೆ ನಿಂತಳು. "ಅಣ್ಣ, ನೀನು ಮಾತಾಡಬೇಕು. ನಾನು ಬಾಯಿ ಬಿಟ್ರೆ ಅಳು ಬರುತ್ತೆ."

"ನಾನಿದೀನಲ್ಲ" ಅಂದರು ನಮ್ಮವರು. ಅವರ ಕಣ್ಣು ಆಗಲೇ ಹೊಳೆಯುತ್ತಿತ್ತು. ಸ್ವಾತಂತ್ರ್ಯದ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಏನಿದೆ?

ಭಾನುವಾರ ಮಧ್ಯಾಹ್ನ ಭಾವ ಬಂದರು. ಹಣ್ಣಿನ ಚೀಲ ನನ್ನ ಕೈಗಿತ್ತು ಸೋಫಾದಲ್ಲಿ ಕೂತರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅತ್ತೆ ಉಸಿರು ಬಿಗಿಹಿಡಿದು ಕೇಳುತ್ತಿದ್ದರು ಎಂದು ಬೇರೆ ಹೇಳಬೇಕಿಲ್ಲ. ಪುಟ್ಟಿ ಬಾಗಿಲ ಪಕ್ಕ ಮೊಣಕಾಲು ಜೋಡಿಸಿ ಸ್ಟೂಲಿನ ತುದಿಯಲ್ಲಿ ಕೂತಳು.

"ನೋಡಮ್ಮ, ಯಾರಾದ್ರೂ ಇದ್ರೆ ಹೇಳಿಬಿಡು. ಮಾತಾಡೋಣ" ಎಂದು ಭಾವ ಶುರು ಮಾಡಿದರು.

"ಯಾರೂ ಇಲ್ಲ ದೊಡ್ಡಣ್ಣ."

"ಇದ್ರೂ ಪರವಾಗಿಲ್ಲ."

"ಇಲ್ಲ ಅಂದ್ನಲ್ಲ."

ಭಾವನ ಮುಖ ಸಪ್ಪಗಾಯಿತು. ಯಾರಾದರೂ ಇದ್ದಿದ್ದರೆ ಅವರಿಗೆ ಬೈಯಲಿಕ್ಕೋ ಒಪ್ಪಲಿಕ್ಕೋ ಒಂದು ದಾರಿ ಇರುತ್ತಿತ್ತು. "ಮತ್ಯಾಕೆ? ಇಲ್ಲೇನು ಕಮ್ಮಿಯಾಗಿದೆ? ಜನ ಏನಂತಾರೆ?"

"ಯಾವ ಜನ?"

"ಜನ ಅಂದ್ರೆ ಜನ ಕಣೇ! ಒಬ್ಬಳೇ ಇರ್ತೀಯ, ಗ್ಯಾಸ್ ಆರಿಸೋದು ಮರೆತುಬಿಟ್ರೆ?"

ನಮ್ಮವರು ಮುಖ ಕಿವುಚಿದರು. ವೇದಿಕೆಯ ಮೇಲೆ ಹುಡುಗನೊಬ್ಬ ತಪ್ಪು ಇಸವಿ ಹೇಳಿದಾಗ ಅವರು ಮಾಡುವ ಮುಖ ಅದು. ಅವರು ಎದ್ದು ನಿಂತರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ವೇದಿಕೆ ಹತ್ತಿದಾಗ ಅವರು ಮೊದಲು ಮಾಡುವ ಕೆಲಸ ಅದು.

"ಅಣ್ಣ, ನೀನು ಹೇಳಿದ್ದು ವಾದ ಅಲ್ಲ. ನಿನ್ನ ಕಡೆ ನಿಜವಾದ ವಾದ ಒಂದಿದೆ. ಅದನ್ನ ನಾನು ಹೇಳ್ತೀನಿ ಕೇಳು. ಚರಿತ್ರೆ ತೆಗೆದು ನೋಡು. ಚೌಕದಲ್ಲಿ ಕೂತು ಸ್ವಾತಂತ್ರ್ಯದ ಬಗ್ಗೆ ದಿನಗಟ್ಟಲೆ ಮಾತಾಡಿದ ಜನ ಇದ್ರು. ಅವರ ಮನೆಗೆ ನೀರು ಹೊತ್ತು ತಂದೋರು ಯಾರು? ಗುಲಾಮರು. ಸತ್ಯ ಹುಡುಕ್ಕೊಂಡು ಮನೆ ಬಿಟ್ಟು ಹೋದ ದೊಡ್ಡವರಿದ್ದಾರೆ. ಅವರ ಮಕ್ಕಳಿಗೆ ಅನ್ನ ಬೇಯಿಸಿದ ಕೈ ಯಾರದು? ಅದರ ಹೆಸರು ಎಲ್ಲೂ ಇಲ್ಲ. ಗುಲಾಮರಿಗೆ ಬಿಡುಗಡೆ ಆಯ್ತು ಅಂತ ನಾವು ಓದ್ತೀವಿ. ಆದ್ರೆ ಒಡೆಯ ಬಂದು ತನ್ನ ಬಟ್ಟೆ ತಾನೇ ಒಗೆದ್ನಾ? ಇಲ್ಲ. ಇನ್ಯಾರೋ ಬಡವಿ ಒಗೆದ್ಲು. ಹೆಂಗಸರು ಕಾರ್ಖಾನೆಗೆ ಹೋದ್ರು, ಮುಂದುವರಿದ್ವಿ ಅಂದ್ವಿ. ಮನೇಲಿ ಅವರ ಕೂಸನ್ನ ಎತ್ಕೊಂಡಿದ್ದು ಮುದುಕಿ ಅಜ್ಜಿ. ಒಬ್ಬರು ಕೆಳಗಿಳಿಸಿದ ಭಾರ ಮಾಯ ಆಗಿದ್ದು ಚರಿತ್ರೆಯಲ್ಲೇ ಇಲ್ಲ. ಅದು ಹೆಗಲು ಬದಲಾಯಿಸಿದೆ, ಅಷ್ಟೇ."

ಅವರ ದನಿ ಇಳಿಯಿತು. ಎಲ್ಲಿ ಇಳಿಸಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು.

"ಪುಟ್ಟಿ ನಾಳೆ ಹೋಗ್ತಾಳೆ. ಅವಳಿಗೆ ಸ್ವಾತಂತ್ರ್ಯ ಬಂತು ಅಂತೀವಿ. ಅದೇ ರಾತ್ರಿಯಿಂದ ಈ ಮನೇಲಿ ಇನ್ನೊಬ್ಬಳ ನಿದ್ದೆ ಹೋಗುತ್ತೆ, ನೋಯೋ ಬೆನ್ನು ಇನ್ನೂ ನೋಯುತ್ತೆ. ದೂರ ಹುಡುಕಬೇಕಿಲ್ಲ. ನೋಡಿ ಇವಳನ್ನ."

ಕೈ ನನ್ನ ಕಡೆ ಚಾಚಿದರು. ಎಲ್ಲರೂ ನನ್ನನ್ನು ನೋಡಿದರು. ತೊಡೆಯ ಮೇಲೆ ಯಾರದೋ ಮನೆಯ ಹಸಿರು ಪರದೆ ಹರವಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದೆ. ಇಲ್ಲ, ಸುಳ್ಳು, ನನಗೇನೂ ಕಷ್ಟವಿಲ್ಲ ಎನ್ನಬಹುದಿತ್ತು. ಆದರೆ ಅವರು ಹೇಳಿದ್ದು ನಿಜವಾಗಿತ್ತು. ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನ ಬೆನ್ನುನೋವಿನ ಬಗ್ಗೆ ಅವರು ಅಷ್ಟು ಚೆನ್ನಾಗಿ ಮಾತಾಡಿದ್ದು ಅದೇ ಮೊದಲು. ಗುಂಡುಸೂಜಿಯನ್ನು ಬಾಯಿಂದ ತೆಗೆಯಲೇ ಇಲ್ಲ.

ನಮ್ಮವರು ಮೇಜಿನ ಮೇಲಿದ್ದ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು.

ಅಷ್ಟರಲ್ಲಿ ಪುಟ್ಟಿ ಎದ್ದು ನಿಂತಳು. "ಸರಿ ಅಣ್ಣ" ಅಂದಳು. ಅಳಲಿಲ್ಲ. "ನಾನು ಅತ್ತಿಗೆ ಬಗ್ಗೆ ಯೋಚನೆ ಮಾಡಿರಲಿಲ್ಲ. ತಪ್ಪಾಯ್ತು. ನಾನು ಹೋಗಲ್ಲ." ನೆಟ್ಟಗೆ ಒಳಕೋಣೆಗೆ ಹೋದಳು. ಒಳಗಿಂದ ಅತ್ತೆ ಬಿಕ್ಕುವುದು ಕೇಳಿಸಿತು.

"ತಡಿಯೇ, ನಂದು ಇನ್ನೂ ಮುಗಿದಿಲ್ಲ!" ಎಂದರು ನಮ್ಮವರು, ಲೋಟ ಕೈಯಲ್ಲೇ ಇತ್ತು.

ಭಾವ ತೊಡೆ ತಟ್ಟಿಕೊಂಡು ಎದ್ದರು. "ಭೇಷ್! ನನ್ನ ಮನಸ್ಸಲ್ಲಿ ಇದ್ದದ್ದೇ ಇದು ನೋಡು. ನನಗೆ ಹೇಳೋಕೆ ಬರಲ್ಲ, ನೀನು ಓದಿದೋನು." ತಮ್ಮನ ಬೆನ್ನು ಸವರಿ, ಅಂಗಡಿಯಲ್ಲಿ ಲಾರಿ ನಿಂತಿದೆ ಎಂದು ಮೆಟ್ಟಿಲಿಳಿದುಹೋದರು. ನಮ್ಮವರು ಹಾಲಿನ ಮಧ್ಯೆ ನಿಂತೇ ಇದ್ದರು. ಕೆಡವುವುದಕ್ಕೆಂದು ಕಟ್ಟಿದ ಮನೆಯೊಳಗೆ ತಂಗಿ ಹೋಗಿ ಚಿಲಕ ಹಾಕಿಕೊಂಡಿದ್ದಳು.

ಆಮೇಲಿನ ದಿನಗಳು ನನಗೆ ಸಾಕುಸಾಕಾದವು. ಪುಟ್ಟಿ ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು. ಅವಳು ಮುನಿಸಿಕೊಳ್ಳುವ ಬದಲು ಒಳ್ಳೆಯವಳಾಗಿಬಿಟ್ಟಳು. ನಾನು ಏಳುವಷ್ಟರಲ್ಲಿ ಪಾತ್ರೆ ತೊಳೆದಿರುತ್ತಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬಿನಿಂದ ಓಡಿಬಂದು ಅಮ್ಮನ ಬಟ್ಟೆ ಬದಲಾಯಿಸಿ ಮತ್ತೆ ಓಡುತ್ತಿದ್ದಳು. "ನೀವು ಬಗ್ಗಬೇಡಿ ಅತ್ತಿಗೆ, ಬೆನ್ನು ನೋಯುತ್ತೆ" ಎನ್ನುವಳು. ಅವಳ ಒಂದೊಂದು ಉಪಕಾರಕ್ಕೂ ನನಗೆ ಮೈ ಉರಿಯುತ್ತಿತ್ತು. ಸಿಟ್ಟು ಅವಳ ಮೇಲಲ್ಲ. ನನ್ನನ್ನು ಉದಾಹರಣೆಯಾಗಿ ಎತ್ತಿ ತೋರಿಸಿ, ಆಮೇಲೆ ಕೆಳಗಿಳಿಸುವುದನ್ನೇ ಮರೆತವರ ಮೇಲೆ.

ಒಂದು ಸಂಜೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. "ರೀ, ಅವತ್ತು ನೀರು ಕುಡಿದ ಮೇಲೆ ಏನು ಹೇಳಬೇಕು ಅಂತಿದ್ರಿ?"

ಅವರ ಮುಖ ಅರಳಿತು. ಯಾರೂ ಕೇಳಲಿಲ್ಲವಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದರೆಂದು ಕಾಣುತ್ತದೆ. "ಕೇಳು. ಭಾರ ಹೆಗಲು ಬದಲಾಯಿಸುತ್ತೆ ಅನ್ನೋದು ನಿಜ. ಹಾಗಿದ್ರೆ ಪುಟ್ಟಿ ಹೋಗಬೇಕಾ ಬೇಡವಾ ಅನ್ನೋದು ಪ್ರಶ್ನೆನೇ ಅಲ್ಲ. ಇಷ್ಟು ದಿನ ಯಾವ ಹೆಗಲು ಖಾಲಿ ಇತ್ತು ಅನ್ನೋದು ಪ್ರಶ್ನೆ. ಒಳಗೆ ಮಲಗಿರೋ ಅಮ್ಮನಿಗೆ ಗಂಡುಮಕ್ಕಳು ಇಬ್ಬರಿದ್ದಾರೆ. ಅವರ ಹೆಗಲು ಯಾವತ್ತೂ ಲೆಕ್ಕಕ್ಕೇ ಬಂದಿಲ್ಲ. ಸಮಾಜ ಮುಂದೆ ಹೋಗಿದೆಯಾ ಅಂತ ತಿಳೀಬೇಕಾದ್ರೆ ಬಿಟ್ಟು ಹೋದವರನ್ನ ನೋಡಬಾರದು, ಅವರು ಬಿಟ್ಟ ಕೆಲಸ ಯಾರು ಕೈಗೆತ್ಕೊಂಡ್ರು ಅಂತ ನೋಡಬೇಕು! ಹೇಗಿದೆ?"

"ತುಂಬಾ ಚೆನ್ನಾಗಿದೆ" ಅಂದೆ. "ಹೋಗಿ ಅಮ್ಮನ ಬಟ್ಟೆ ಬದಲಾಯಿಸಿ."

ಮಾತಿನ ಮಧ್ಯೆ ಗಂಟೆ ಬಾರಿಸಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ನಾನಾ? ಅಮ್ಮ ಒಪ್ಪಲ್ಲ ಕಣೇ."

"ಅದು ಎದುರು ಪಕ್ಷದ ವಾದ. ಅದನ್ನ ಮುರೀರಿ."

ಅವರು ಕೆಟ್ಟವರಲ್ಲ. ಅದೇ ನನ್ನ ಕಷ್ಟ. ಕೆಟ್ಟವರಾಗಿದ್ದರೆ ಇಷ್ಟರಲ್ಲಿ ಬೈದುಕೊಂಡು ಹಗುರಾಗುತ್ತಿದ್ದೆ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ನಿಂತರು. ಆಮೇಲೆ ಅಂಗಿಯ ತೋಳು ಮಡಿಸಿದರು.

ಪುಟ್ಟಿ ಲ್ಯಾಬಿನಲ್ಲಿದ್ದಾಗಲೇ ಅವರಿಗೆ ಕೆಲಸ ಕಲಿಸಿದೆ, ಅವರು ಶಾಲೆಯಿಂದ ಬೇಗ ಬಂದ ದಿನಗಳಲ್ಲಿ. ಮೊದಲು ನನ್ನನ್ನೇ ಮಂಚದ ಮೇಲೆ ಮಲಗಿಸಿ ಅಭ್ಯಾಸ. ಆಚೆಗಿನ ಮೊಣಕಾಲು ಮಡಿಸಬೇಕು. ಒಂದು ಕೈ ಭುಜಕ್ಕೆ, ಇನ್ನೊಂದು ಸೊಂಟಕ್ಕೆ. ತೋಳಿನ ಬಲದಿಂದ ಎಳೆಯಬಾರದು, ತಮ್ಮ ಮೈಭಾರವನ್ನು ಹಿಂದಕ್ಕೆ ಹಾಕಬೇಕು. ಹೊರಳಿಸಿದ ಮೇಲೆ ಬೆನ್ನಿಗೆ ದಿಂಬು, ಮೊಣಕಾಲುಗಳ ನಡುವೆ ಮಡಿಸಿದ ಟವೆಲು, ರಬ್ಬರ್ ಶೀಟಿನ ಸುಕ್ಕು ತೆಗೆಯಬೇಕು. ಹೇಳಿದ್ದನ್ನೆಲ್ಲ ಅವರು ಚೆನ್ನಾಗಿ ಹಿಂದಕ್ಕೆ ಹೇಳುತ್ತಿದ್ದರು. ಮಾಡುವಾಗ ಮಾತ್ರ ಒಂದು ಸಲ ನನ್ನನ್ನು ಗೋಡೆಗೆ ಹೊರಳಿಸಿ ಹಣೆ ಊದಿಸಿದರು.

ನಿಜವಾದ ಕಷ್ಟ ಒಳಕೋಣೆಯಲ್ಲಿ. ಮಗ ಬೆಡ್‌ಪ್ಯಾನ್ ಹಿಡಿದು ಬಂದದ್ದೇ ತಡ, ಅತ್ತೆ ಮುಖ ಗೋಡೆಗೆ ತಿರುಗಿಸಿದರು. ಸ್ವಾಧೀನವಿರುವ ಬಲಗೈಯಲ್ಲಿ ಹೊದಿಕೆಯನ್ನು ಅವುಚಿ ಹಿಡಿದರು. "ಥೂ… ಹೋಗು… ಗಂಡುಮಗ ನೋಡೋದಾ… ಪುಟ್ಟೀನ ಕರಿ."

ನಮ್ಮವರು ವಾದಕ್ಕಿಳಿದರು. ಯುದ್ಧದಲ್ಲಿ ಗಾಯಾಳುಗಳಿಗೆ ಗಂಡಸರೇ ಆರೈಕೆ ಮಾಡಿದ್ದು, ಆಸ್ಪತ್ರೆಗಳು ಹುಟ್ಟಿದ್ದು, ನಾಚಿಕೆ ಎಂಬುದು ಕಾಲದಿಂದ ಕಾಲಕ್ಕೆ ಬದಲಾದದ್ದು. ಬಾಯಿ ಮುಚ್ಚಿ ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅತ್ತೆ ಅದೊಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇದರಲ್ಲಿ ನನ್ನ ಕೈವಾಡ ಇದೆಯೆಂದು ನನ್ನನ್ನೂ ಹತ್ತಿರ ಬಿಡಲಿಲ್ಲ. ಸಂಜೆ ಪುಟ್ಟಿ ಬರುವವರೆಗೂ ಹಲ್ಲು ಕಚ್ಚಿ ತಡೆದುಕೊಂಡೇ ಮಲಗಿದ್ದರು. ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಪುಟ್ಟಿಗೆ ವಿಷಯ ತಿಳಿದುಹೋಯಿತು. ಅಮ್ಮನನ್ನು ಶುಚಿ ಮಾಡಿ, ಕೈ ತೊಳೆದುಕೊಂಡು ಬಂದು ನನ್ನ ಮೆಷಿನ್ನಿನ ಪಕ್ಕ ಕುಸಿದು ಕೂತಳು. "ಯಾಕತ್ತಿಗೆ ಇದೆಲ್ಲ? ಬಿಟ್ಬಿಡಿ. ನಾನು ಮನಸ್ಸಿಂದ ತೆಗೆದುಹಾಕಿದೀನಿ."

"ಬೀಗದಕೈ ವಾಪಸ್ ಕೊಟ್ಯಾ?"

ಅವಳ ಕೈ ತಾನಾಗಿ ಕೈಚೀಲದ ಪಕ್ಕದ ಜೇಬನ್ನು ಮುಟ್ಟಿತು, ಮೇಣ ಕೆರೆಯುವ ಚಾಕು ಇಡುವ ಜೇಬು. ನನಗೆ ಅಷ್ಟು ಸಾಕಾಗಿತ್ತು.

ಮರುದಿನ ಬೆಳಗ್ಗೆ ಅವಳು ಲ್ಯಾಬಿಗೆ ಹೊರಡುವ ಹೊತ್ತಿಗೆ, ಅವಳ ಬಟ್ಟೆಗಳನ್ನೆಲ್ಲ ತುಂಬಿದ ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟೆ. ಮೇಲೆ ಒಂದು ಪರದೆ ಮಡಿಸಿಟ್ಟಿದ್ದೆ. ಗಿರಾಕಿ ಬೇಡವೆಂದು ಬಿಟ್ಟುಹೋದ ಹಳದಿ ಪರದೆ, ಅವಳ ಕಿಟಕಿಗೆ ಸ್ವಲ್ಪ ಉದ್ದವೇ ಆಗಬಹುದು.

"ಏನಿದು?"

"ನಡಿ. ಸಂಜೆ ಅಲ್ಲಿಗೇ ಹೋಗು. ಇಲ್ಲಿಗೆ ಬರಬೇಡ."

"ಅಮ್ಮ?"

"ಅಮ್ಮ ಕೂಗ್ತಾರೆ. ಕೂಗಲಿ."

"ನಿಮಗೆ ಕಷ್ಟ ಆಗುತ್ತೆ ಅತ್ತಿಗೆ."

"ಆಗುತ್ತೆ. ದಿನಾ ನಿನ್ನ ಬೈಕೊಂಡೇ ಮಾಡ್ತೀನಿ. ಭಾನುವಾರ ಬಂದು ಬೈಸಿಕೊಂಡು ಹೋಗು." ಚೀಲವನ್ನು ಅವಳ ಕಡೆ ತಳ್ಳಿದೆ. "ನಿನಗೆ ಹೋಗಬೇಕು ಅನ್ನಿಸಿದೆ. ಅದಕ್ಕಿಂತ ದೊಡ್ಡ ವಾದ ನನಗೆ ಗೊತ್ತಿಲ್ಲ ತಾಯಿ. ನಡಿ."

ಅವಳು ಚಪ್ಪಲಿ ಮೆಟ್ಟಿದಳು. ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದಳು. ಸರಿಯಾಗಿ ಆಗಲೇ ಒಳಗಿನಿಂದ ಕೂಗು ಬಂತು. "ಪುಟ್ಟೀ…"

ಮೆಟ್ಟಿಲ ಮೇಲೆ ಅವಳ ಕಾಲು ನಿಂತಿತು. ತಿರುಗಿದಳು. ಚೀಲ ಆಗಲೇ ಹೆಗಲಿನಿಂದ ಜಾರುತ್ತಿತ್ತು. ಇಷ್ಟು ವರ್ಷ ಆ ಕೂಗಿಗೆ ಓಡಿದ ಕಾಲುಗಳು, ನಿಲ್ಲು ಎಂದರೆ ನಿಲ್ಲುತ್ತವೆಯೇ? ಇನ್ನು ಎರಡು ಹೆಜ್ಜೆ ಇಟ್ಟರೆ ಒಳಗೆ ಬಂದುಬಿಡುತ್ತಾಳೆ, ಬಂದರೆ ಮತ್ತೆಂದೂ ಹೋಗುವುದಿಲ್ಲ. ಅದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಅವಳ ಮುಖದ ಮೇಲೆ ಬಾಗಿಲು ಹಾಕಿದೆ. ಚಿಲಕವನ್ನೂ ಹಾಕಿದೆ.

"ಅತ್ತಿಗೆ" ಅಂದಳು ಹೊರಗಿನಿಂದ. ಒಂದು ಸಲ ಬಾಗಿಲು ತಟ್ಟಿದಳು. ನಾನು ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತೆ, ಅವಳು ಬರದಿರಲಿ ಎಂದೋ ನಾನು ತೆಗೆಯದಿರಲಿ ಎಂದೋ ನನಗೇ ತಿಳಿಯದು. ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು.

ನಮ್ಮವರು ಶಾಲೆಗೆ ಹೊರಡಲು ಸಿದ್ಧವಾಗಿದ್ದವರು ನನ್ನನ್ನು ನೋಡಿದರು, ಬಾಗಿಲನ್ನು ನೋಡಿದರು. ಜೇಬಿನಿಂದ ಗಂಟೆ ತೆಗೆದು ಮೇಜಿನ ಮೇಲಿಟ್ಟು, ಅಂಗಿಯ ತೋಳು ಮಡಿಸಿಕೊಂಡು ಒಳಕೋಣೆಗೆ ಹೋದರು.

"ಪುಟ್ಟೀ…"

"ನಾನೇ ಇದೀನಿ ಅಮ್ಮ."

"ನೀನು ಬೇಡ… ಅವಳೆಲ್ಲಿ?"

ನಮ್ಮವರು ಏನಾದರೂ ಶುರು ಮಾಡುತ್ತಾರೆಂದು ಕಾದೆ. ಚರಿತ್ರೆಯಿಂದ ಒಂದು ಉದಾಹರಣೆ, ಒಂದು ಪ್ರಶ್ನೆ. ಅವರು ಸುಮ್ಮನಿದ್ದರು. ಮದುವೆಯಾದಾಗಿನಿಂದ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ಕೇಳಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ನಿಧಾನವಾಗಿ ಕೆಳಗಿಳಿಯಿತು. ಒಂದು ಕಡೆ ನಿಂತಿತು. ಮತ್ತೆ ಇಳಿಯಿತು. ಮೂರು ಮಹಡಿಯ ಕೆಳಗೆ ಗೇಟು ಕಿರುಗುಟ್ಟಿತು. ಆ ಸದ್ದು ಚುರುಕು ಕಿವಿಯ ಅತ್ತೆಗೂ ಕೇಳಿಸಿರಬೇಕು.

"ಹೋದ್ಳಾ?" ಎಂದು ಕೇಳಿದರು.

"ಹೋದ್ಳಮ್ಮ."

ನಾನು ಚಿಲಕ ಬಿಟ್ಟು ಒಳಕೋಣೆಯ ಬಾಗಿಲಿಗೆ ಬಂದು ನಿಂತೆ. ಆಮೇಲೆ ಮಂಚ ಸಣ್ಣಗೆ ಸದ್ದು ಮಾಡಿತು. ಅತ್ತೆಯ ದನಿ, ದಣಿದ, ಸೋತ, ಮಗುವನ್ನು ಗದರಿಸುವಂಥ ದನಿ ಬಂತು.

"ಹಾಗಾದ್ರೆ… ಕಣ್ಣು ಮುಚ್ಕೋ."

ನಮ್ಮವರು ಕಣ್ಣು ಮುಚ್ಚಿಕೊಂಡರು.